ಹೂಂ ಅನ್ನಲು ಒಬ್ಬರು

ಅವರ ಬಲಗಿವಿಯ ಹಾಲೆಯಲ್ಲಿ ಒಂದು ಕಚ್ಚು ಇತ್ತು, ಇಲಿ ಕಡಿದ ರೊಟ್ಟಿಯ ಅಂಚಿನ ಹಾಗೆ. ಯಾವುದೋ ಸಿನಿಮಾದ ಹೊಡೆದಾಟದಲ್ಲಿ, ಸಕ್ಕರೆ ಪಾಕದಿಂದ ಮಾಡಿದ ನಕಲಿ ಬಾಟಲಿಯ ಬದಲು ಎದುರಿನವನು ನಿಜವಾದ ಗಾಜಿನ ಬಾಟಲಿಯನ್ನೇ ಎತ್ತಿಕೊಂಡಿದ್ದನಂತೆ. ಅಂದಿನಿಂದ ಕ್ಯಾಮೆರಾಕ್ಕೆ ಎಡಗೆನ್ನೆಯನ್ನೇ ಕೊಡುವುದು ಅವರಿಗೆ ರೂಢಿಯಾಯಿತು. ಮನೆಯಲ್ಲಿ ನನ್ನ ಜೊತೆ ಮಾತಾಡುವಾಗಲೂ ಮುಖ ಸ್ವಲ್ಪ ತಿರುಗಿಸಿಯೇ ಇರುತ್ತಿದ್ದರು. ಆದರೆ ಯಾರಾದರೂ ಹೇಳುವುದನ್ನು ಕೇಳಬೇಕಾದಾಗ ಮಾತ್ರ ಆ ಕಚ್ಚು ಬಿದ್ದ ಕಿವಿಯನ್ನೇ ಮುಂದೆ ತರುತ್ತಿದ್ದರು.

ನಾನು ಓದಲು ಸಿಡ್ನಿಗೆ ಬಂದಾಗ ಬ್ಲ್ಯಾಕ್‌ಟೌನ್‌ನಲ್ಲಿ ಅವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. ಮೊದಲ ದಿನ "ಸರ್" ಅಂದೆ. "ಬೇಡ ಕಿಡ್. ಸರ್ ಅಂದ್ರೆ ನಾನು ಮತ್ತೆ ಜೈಲಿನ ಗಾರ್ಡ್ ಆಗ್ಬಿಡ್ತೀನಿ" ಅಂದರು. ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಕೊನೆಗೆ ಅಂಕಲ್ ಆದರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲೇ, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಅಂಕಲ್ ಅಮೆರಿಕದ ಒಂದು ಉಕ್ಕಿನ ಕಾರ್ಖಾನೆಯ ಊರಿನವರು. ಅಪ್ಪ ಕುಲುಮೆಯ ಮುಂದೆ ಬೆಂದವರು. ಮಗ ಮಾತ್ರ ಇಪ್ಪತ್ತಕ್ಕೆ ಮನೆ ಬಿಟ್ಟು ಸಿನಿಮಾದ ಊರಿಗೆ ಹೋಗಿ, ಅಂದಿನಿಂದ ಸಣ್ಣ ಪಾತ್ರಗಳಲ್ಲೇ ಬದುಕಿದರು. ಜೈಲಿನ ಗಾರ್ಡ್, ಬಾರಿನಲ್ಲಿ ಗ್ಲಾಸು ಒರೆಸುವವನು, "ನಮ್ಮ ಕೈಲಾದದ್ದೆಲ್ಲ ಮಾಡಿದೆವು" ಎಂದು ತಲೆ ತಗ್ಗಿಸುವ ಡಾಕ್ಟರ್, ಟೈಟಲ್ ಬರುವ ಮೊದಲೇ ಸಾಯುವ ಗಡಿಯಾರದ ಅಂಗಡಿಯವನು. ಎರಡು ಸಾಲು, ಮೂರು ಸಾಲು, ಹೆಚ್ಚೆಂದರೆ ಆರು. "ಹೀರೋ ಬಾಗಿಲು ತೆಗೀತಾನೆ ಕಿಡ್. ಬಾಗಿಲ ಹಿಂದೆ ಯಾರಾದ್ರೂ ಇರ್ಲೇಬೇಕಲ್ಲ? ಅದು ನಾನು" ಅನ್ನುತ್ತಿದ್ದರು. ಆಸ್ಟ್ರೇಲಿಯಾದ ಮರುಭೂಮಿಯನ್ನು ಅಮೆರಿಕದ ಮರುಭೂಮಿ ಎಂದು ತೋರಿಸುವ ಒಂದು ಚಿತ್ರಕ್ಕೆ ಇಲ್ಲಿಗೆ ಬಂದು, ಮೇಕಪ್ ಮಾಡುವಾಕೆಯನ್ನು ಮದುವೆಯಾಗಿ ಇಲ್ಲೇ ನಿಂತರು. ನಾನು ಬರುವ ಹೊತ್ತಿಗೆ ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆಯ ಬ್ರಷ್‌ಗಳು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ, ಒಂದು ಜಾಮಿನ ಬಾಟಲಿಯಲ್ಲಿ ನಿಂತಿದ್ದವು.

ಅವರ ಜೊತೆ ಅಂಗಡಿಗೆ ಹೋಗುವುದೇ ಒಂದು ತಮಾಷೆ. ಎಲ್ಲರಿಗೂ ಅವರನ್ನು ಎಲ್ಲೋ ನೋಡಿದ ನೆನಪು. ಎಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. ದಿನಸಿ ಅಂಗಡಿಯ ಪಂಜಾಬಿ ಒಂದು ದಿನ ಅವರನ್ನೇ ದಿಟ್ಟಿಸಿ, "ಅಂಕಲ್‌ಜೀ, ನೀವು ಬ್ಯಾಂಕ್‌ನಲ್ಲಿದ್ರಿ ಅಲ್ವಾ? ನನ್ನ ಹೋಮ್ ಲೋನ್ ಮಾಡ್ಸಿಕೊಟ್ಟಿದ್ದು ನೀವೇ!" ಅಂದ.

"ಹೌದು. ಮನೆ ಹೇಗಿದೆ?" ಎಂದು ಕೇಳಿದರು ಅಂಕಲ್.

"ಸೂಪರ್ ಇದೆ ಜೀ! ಹಿಂದೆ ಒಂದು ಶೆಡ್ಡೂ ಕಟ್ಟಿಸಿದೆ."

ಹೊರಗೆ ಬಂದ ಮೇಲೆ, ಯಾಕೆ ಸುಳ್ಳು ಹೇಳಿದಿರಿ ಎಂದೆ. "ನನ್ನನ್ನು ನಿಜವಾದ ಮನುಷ್ಯ ಅಂದ್ಕೊಂಡ. ನನಗೆ ಇನ್ಯಾವ ಅವಾರ್ಡ್ ಬೇಕು?" ಅಂದರು. ಅವರು ಯಾರನ್ನೂ ತಿದ್ದುತ್ತಿರಲಿಲ್ಲ.

ಈಗಿನ ಕಾಲದಲ್ಲಿ ಪಾತ್ರ ಬೇಕೆಂದರೆ ನಟರು ಮನೆಯಲ್ಲೇ ವಿಡಿಯೋ ಮಾಡಿ ಕಳಿಸಬೇಕು. ಕ್ಯಾಮೆರಾದ ಪಕ್ಕ ಕೂತು ಎದುರಿನ ಪಾತ್ರದ ಮಾತು ಓದಲು ಒಬ್ಬರು ಬೇಕು. ಮೊದಲು ಹೆಂಡತಿ ಓದುತ್ತಿದ್ದಳು. ಈಗ ಆ ಕುರ್ಚಿ ನನ್ನ ಪಾಲಿಗೆ ಬಂತು. ದಾವಣಗೆರೆ ಇಂಗ್ಲಿಷಿನಲ್ಲಿ ನಾನು ಅಮೆರಿಕದ ಲಾಯರೂ ಆದೆ, ಓಡಿಹೋದ ಹೆಂಡತಿಯೂ ಆದೆ.

ಮೊದಲ ಸಂಜೆಯೇ ಎಡವಟ್ಟಾಯಿತು. ಅವರು ಒಂದು ಮಾತು ಹೇಳಿ ನಿಂತರು, ನಾನು "ಹೂಂ" ಅಂದೆ. ಇನ್ನೊಂದು ಹೇಳಿದರು, ಮತ್ತೆ "ಹೂಂ". ಮೂರನೆಯದಕ್ಕೆ ಅಂಕಲ್ ಕ್ಯಾಮೆರಾ ಆಫ್ ಮಾಡಿದರು.

"ಕಿಡ್, ನನ್ನ ಸೀನಲ್ಲಿ ಹಸು ಇಲ್ವಲ್ಲ? ಯಾವುದು ಹೀಗೆ ಕೂಗ್ತಿರೋದು?"

ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಕಥೆ ಹೇಳುತ್ತಿದ್ದವಳು ಅಜ್ಜಿ. ಅವಳಿಗೆ ಕಣ್ಣು ಮಂಜಾಗಿತ್ತು. ಕೇಳುವವರು ಎದುರಿಗಿದ್ದಾರೆಂದು ತಿಳಿಯಬೇಕಾದರೆ ಹೂಂಗುಟ್ಟುತ್ತಲೇ ಇರಬೇಕು. ಒಂದು ಹೂಂ ತಪ್ಪಿದರೂ ನಿಲ್ಲಿಸಿಬಿಡುವಳು. "ಹೂಂ ಅನ್ನಲೇ. ಇಲ್ಲಾಂದ್ರ ಕಥಿ ಎಲ್ಲಿಗಂತ ಹೋಗ್ಬೇಕು?" ಎಂದು ಬೈಯುವಳು. ಇದನ್ನೆಲ್ಲ ತಡವರಿಸುತ್ತ ಅಂಕಲ್‌ಗೆ ಹೇಳಿದೆ. ಅವರು ಕಚ್ಚು ಬಿದ್ದ ಕಿವಿಯನ್ನು ಮುಂದೆ ತಂದು ಪೂರ್ತಿ ಕೇಳಿದರು.

"ನಿನ್ನ ಅಜ್ಜಿ ಇಲ್ಲಿದ್ದಿದ್ರೆ ದೊಡ್ಡ ಡೈರೆಕ್ಟರ್ ಆಗ್ತಿದ್ರು" ಅಂದರು. "ರೆಕಾರ್ಡ್ ಮಾಡುವಾಗ ಬಾಯಿ ಮುಚ್ಚು. ಪ್ರಾಕ್ಟೀಸ್ ಮಾಡುವಾಗ ಅನ್ನು. ಮಾತು ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೂ ಗೊತ್ತಾಗಲಿ."

ಅಲ್ಲಿಂದ ಮುಂದೆ ನಾಲ್ಕು ವರ್ಷ, ಕಾಲೇಜು, ಪೆಟ್ರೋಲ್ ಬಂಕ್ ಕೆಲಸ ಮುಗಿಸಿ ಬಂದ ಮೇಲೆ ನಾನು ಹೂಂ ಅನ್ನುತ್ತ ಕೂತೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಎಷ್ಟೇ ಸಣ್ಣ ಪಾತ್ರವಾದರೂ ಜೇಬಿನಲ್ಲಿ ಆ ಪಾತ್ರದವನದೇ ಎನ್ನುವಂಥ ಒಂದು ವಸ್ತು ಇಟ್ಟುಕೊಳ್ಳುವರು. ಡಾಕ್ಟರಾದಾಗ ಮಗುವೊಂದು ಬಿಡಿಸಿದ ಚಿತ್ರ, ಗಾರ್ಡ್ ಆದಾಗ ಹರಿದ ಬಸ್ ಟಿಕೆಟ್. ಅದು ಯಾರಿಗೂ ಕಾಣುವುದಿಲ್ಲ, ಯಾರೂ ಕೇಳಬಾರದು.

ನಾರ್ತ್ ಸಿಡ್ನಿಯ ಆಫೀಸುಗಳಲ್ಲಿ ನಾನು ಏಳು ಇಂಟರ್‌ವ್ಯೂ ಕೊಟ್ಟು ಏಳರಲ್ಲೂ ಸೋತಿದ್ದೆ. ಎಂಟನೆಯದಕ್ಕೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ, "ನೀನು ಒಳಗೆ ಹೋಗಿ ಯಾರ ಪಾತ್ರ ಮಾಡ್ತೀಯ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ, ಪ್ರತಿ ಸಲ ನಾನು ಯಾರೋ ಆಫೀಸರ್ ಮಗನ ಪಾತ್ರ ಮಾಡುತ್ತಿದ್ದೆ. ನಮ್ಮಪ್ಪ ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲ. ನಮ್ಮ ಮನೆಯಲ್ಲಿ ಡಿಗ್ರಿ ಇರಲಿ, ಹತ್ತನೇ ಕ್ಲಾಸು ದಾಟಿದ ಮೊದಲಿಗ ನಾನು. ನನ್ನ ಫೈನಲ್ ಪರೀಕ್ಷೆಗೆ ಮೊದಲೇ ಅಪ್ಪ ತೀರಿಕೊಂಡರು. ಅವರು ತೋಳಿಗೆ ಕಟ್ಟುತ್ತಿದ್ದ, ಹಮಾಲಿ ನಂಬರಿನ ಹಿತ್ತಾಳೆ ಬಿಲ್ಲೆ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ವಾಪಸ್ ಹೋಗಿ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

"ನಿಮ್ಮ ಬಗ್ಗೆ ಹೇಳಿ" ಅಂದರು ಇಂಟರ್‌ವ್ಯೂನಲ್ಲಿ. ಕೈ ಜೇಬಿಗೆ ಹೋಯಿತು. ನಮ್ಮಪ್ಪ ಮೂಟೆ ಹೊರುತ್ತಿದ್ದರು ಎಂದು ಶುರು ಮಾಡಿದೆ. ಆ ಕೆಲಸ ಸಿಕ್ಕಿತು. ಮನೆಗೆ ಬಂದು ಹೇಳಿದಾಗ ನನ್ನ ಜೇಬಿನಲ್ಲಿ ಏನಿತ್ತೆಂದು ಅಂಕಲ್ ಕೇಳಲಿಲ್ಲ. ಕಿಟಕಿಯಲ್ಲಿದ್ದ ಬ್ರಷ್ ಒಂದನ್ನು ತೆಗೆದು, ನನ್ನ ಭುಜದ ಮೇಲಿನ ಧೂಳು ಕೊಡವಿದರು. ಅಷ್ಟೇ.

ಆಮೇಲೆ ಇಲ್ಲೇ ನೆಲೆಸಲು ಪಿಆರ್ ಬಂತು, ಮದುವೆಯಾಯಿತು, ಕೆಲಸ ಮೆಲ್ಬರ್ನ್‌ಗೆ ಎಳೆಯಿತು. ಅಲ್ಲಿಯ ಪಾಯಿಂಟ್ ಕುಕ್‌ನಲ್ಲಿ ಮನೆ, ಮಾರ್ಟ್‌ಗೇಜ್, ಒಬ್ಬಳು ಮಗಳು. ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದೆ. ಕೆಲವು ಭಾನುವಾರ ಮರೆತೂ ಬಿಡುತ್ತಿದ್ದೆ. ಅದನ್ನೂ ಬರೆಯಲೇಬೇಕು.

ಒಂದು ಭಾನುವಾರ ಫೋನ್ ಅವರಿಂದಲೇ ಬಂತು. "ಕಿಡ್, ನನಗೆ ಒಂದು ಪುಟ ಸಿಕ್ಕಿದೆ."

ಒಂದು ಪುಟ ಎಂದರೆ ಬೇರೆಯವರಿಗೆ ಏನು ಅರ್ಥವಾದೀತು! ಅರವತ್ತು ವರ್ಷದಲ್ಲಿ ಆರು ಸಾಲು ದಾಟದ ಮನುಷ್ಯನಿಗೆ, ಎಂಬತ್ತರ ಹತ್ತಿರ, ಒಂದು ಇಡೀ ಪುಟದ ಮಾತು. ಟಿವಿ ಧಾರಾವಾಹಿಯೊಂದರಲ್ಲಿ ವಯಸ್ಸಾದ ತಂದೆಯ ಪಾತ್ರ. ದೂರವಾದ ಮಗಳ ಮುಂದೆ ಕೂತು, ತನ್ನ ತಮ್ಮ ನದಿಯಲ್ಲಿ ಮುಳುಗಿದ ದಿನವನ್ನು ಮೊದಲ ಸಲ ಬಾಯಿಬಿಟ್ಟು ಹೇಳಬೇಕು. ಶೂಟಿಂಗ್ ಮೆಲ್ಬರ್ನ್‌ನಲ್ಲೇ. ಒಂದು ವಾರ ಮೊದಲೇ ನಮ್ಮ ಮನೆಗೆ ಬಂದಿಳಿದರು.

ಎರಡೇ ದಿನಕ್ಕೆ ನನ್ನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. "ರೀ, ಅಂಕಲ್ ಟೀ ಕಪ್ ತಗೊಂಡು ಹೋಗಿ ಫ್ರಿಜ್‌ನಲ್ಲಿ ಇಡ್ತಿದಾರೆ. ನಿಮ್ಮೂರು ಮೈಸೂರಾ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ರು. ನೀವು ನೋಡಿಲ್ವಾ?"

ನೋಡಿದ್ದೆ. ನೋಡದವನ ಹಾಗಿದ್ದೆ. ಆ ಸಂಜೆ ಹಿತ್ತಲಲ್ಲಿ ಪುಟ ಹಿಡಿದು ಕೂತಾಗ ಮೂರನೇ ಸಾಲಿಗೆ ನಿಂತರು. ಮತ್ತೆ ಶುರು ಮಾಡಿ ಎರಡನೆಯದಕ್ಕೇ ನಿಂತರು.

"ಸಾಲು ನಿಲ್ತಾ ಇಲ್ಲ ಕಿಡ್. ಸಾಬೂನು ಹಿಡ್ಕೊಂಡ ಹಾಗೆ ಜಾರ್ತಾವೆ."

"ಡೈರೆಕ್ಟರ್‌ಗೆ ಹೇಳಿಬಿಡೋಣ ಅಂಕಲ್."

"ಹೇಳಿದ್ರೆ ಪುಟ ಹೋಗುತ್ತೆ."

"ಹೇಳ್ದೆ ಅಲ್ಲಿ ಹೋಗಿ ನಿಂತ್ರೆ ಮರ್ಯಾದೆನೂ ಹೋಗುತ್ತೆ." ಕಠಿಣವಾಗಿಯೇ ಅಂದೆ. ಅವರು ಪುಟ ಮಡಚಿಟ್ಟು, ತಾವೇ ಫೋನ್ ಎತ್ತಿಕೊಂಡರು.

ಡೈರೆಕ್ಟರ್ ಸಣ್ಣ ವಯಸ್ಸಿನ ಹೆಂಗಸು. ಒಳ್ಳೆಯವಳು, ಆದರೆ ಅವಳ ತಲೆಯ ಮೇಲೂ ಗಡಿಯಾರವಿತ್ತು. ಹೊರಗೆ ಕಾಣದಂತೆ ಕಿವಿಯೊಳಗೆ ಕೂರುವ ಸಣ್ಣ ಯಂತ್ರ ಕೊಡಿಸುತ್ತೇನೆ, ನಿಮ್ಮವರೇ ಯಾರಾದರೂ ಪರದೆಯ ಹಿಂದೆ ಕೂತು ಸಾಲು ಓದಿಕೊಡಲಿ, ಆದರೆ ಮಧ್ಯಾಹ್ನದೊಳಗೆ ಆಗದಿದ್ದರೆ ಮಾತನ್ನು ತೆಗೆದು, ತಂದೆ ಬರೆದಿಟ್ಟ ಪತ್ರವನ್ನು ಮಗಳು ಓದುವ ಹಾಗೆ ಬದಲಿಸುತ್ತೇನೆ ಅಂದಳು. ಅಂದರೆ ಪುಟ ಬೇರೆಯವರ ಪಾಲಾಗುತ್ತದೆ.

ನಾನು ರಜೆ ಹಾಕಿದೆ. ಆ ಬೆಳಿಗ್ಗೆ ಫ್ರೀವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಅಂಕಲ್ ಪಕ್ಕದಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಅವರ ಕೈ ಕೋಟಿನ ಜೇಬಿನಲ್ಲಿತ್ತು. ಏನಿದೆ ಎಂದು ನಾನು ಕೇಳಲಿಲ್ಲ.

ಸ್ಟುಡಿಯೋದಲ್ಲಿ ಯಂತ್ರವನ್ನು ಅದೇ ಬಲಗಿವಿಗೆ ಕೂರಿಸಿದರು. ನಾನು ಪರದೆಯ ಹಿಂದೆ, ಒಂದು ಮೈಕು, ಒಂದು ಸಣ್ಣ ಟಿವಿ, ಕೈಯಲ್ಲಿ ಪುಟ. ಶುರುವಾಯಿತು. ನಾನು ಓದುವುದು, ಅವರು ಹೇಳುವುದು. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಕೇಳಿಸುತ್ತಿತ್ತು. ನನ್ನ ದನಿ ಅವರ ದನಿಯನ್ನು ಮೆಟ್ಟುತ್ತಿತ್ತು. ಎರಡನೇ ಸಲವೂ ಹಾಗೆ, ಮೂರನೇ ಸಲವೂ ಹಾಗೆ. ನಾಲ್ಕನೆಯದಕ್ಕೆ ಅವರು ಮಧ್ಯದಲ್ಲೇ ನಿಂತು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಸೆಟ್ಟಿನಲ್ಲಿ ಯಾರೋ ಕೆಮ್ಮಿದರು. ಡೈರೆಕ್ಟರ್ ಗಡಿಯಾರ ನೋಡಿದ್ದನ್ನು ನಾನೂ ನೋಡಿದೆ, ಅವರೂ ನೋಡಿದರು.

"ಇನ್ನೊಂದೇ ಸಲ" ಅಂದಳು ಆಕೆ.

ಅಂಕಲ್ ಮೊದಲ ಸಾಲು ಹೇಳಿದರು. "ಆ ದಿನ ನದಿ ಸದ್ದೇ ಮಾಡ್ತಿರಲಿಲ್ಲ." ನಿಂತರು. ಎರಡನೇ ಸಾಲು ನನ್ನ ಕಣ್ಣ ಮುಂದಿತ್ತು. ಓದಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಮಾತ್ರ ಬೇರೆ.

"ಹೂಂ."

ಇದೂ ಹಾಳಾಯಿತು ಅಂದುಕೊಂಡೆ. ಆದರೆ ಟಿವಿಯಲ್ಲಿ ಅವರ ಮುಖ ನಿಧಾನವಾಗಿ ತಿರುಗಿತು. ಎಡಗೆನ್ನೆಯಲ್ಲ, ಕಚ್ಚು ಬಿದ್ದ ಕಿವಿ ಕ್ಯಾಮೆರಾದ ಎದುರಿಗೆ ಬಂತು. ಎರಡನೇ ಸಾಲು ಬಂತು, ಮೂರನೆಯದು ಬಂತು. ನಿಂತರು. "ಹೂಂ" ಅಂದೆ. ತಮ್ಮನ ಶೂ ದಡದಲ್ಲಿ ಸಿಕ್ಕಿದ್ದು ಬಂತು. "ಹೂಂ." ತಾಯಿಗೆ ಹೇಳಲು ಓಡಿದ್ದು ಬಂತು. ಪುಟವನ್ನು ನಾನು ಕೆಳಗಿಟ್ಟುಬಿಟ್ಟೆ. ಎರಡು ಸಾಲು ಬಿಟ್ಟರು, ಒಂದನ್ನು ಹಿಂದುಮುಂದು ಮಾಡಿದರು. ನಡುವೆ ಒಂದು ಕಡೆ, ಪುಟದಲ್ಲಿ ಇಲ್ಲವೇ ಇಲ್ಲದ ಒಂದು ಮಾತು ಕೇಳಿದರು: "ಯಾರಾದ್ರೂ ಇದ್ದೀರಾ?"

"ಹೂಂ."

ಕೊನೆಯ ಸಾಲಿನ ತನಕ ಹೋದರು. ಡೈರೆಕ್ಟರ್ ಕಟ್ ಅನ್ನುವುದನ್ನೇ ಮರೆತಿದ್ದಳು. ಹೊರಗೆ ಬಂದ ಅಂಕಲ್ ಕಿವಿಯಿಂದ ಯಂತ್ರ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಹಸು ಇವತ್ತು ಚೆನ್ನಾಗಿ ಕೂಗ್ತು" ಅಂದರು.

ಧಾರಾವಾಹಿ ಬಂದಾಗ ಆ ಸೀನನ್ನು ಜನ ಬಹಳ ಮೆಚ್ಚಿದರು. ಮಾತಿಗಿಂತ ನಡುವಿನ ಮೌನ ಚೆನ್ನಾಗಿದೆ ಅಂದರು ನನ್ನ ಆಫೀಸಿನವರು. ಪುಟದಲ್ಲಿ ಇಲ್ಲದ ಆ ಪ್ರಶ್ನೆಯನ್ನೂ ಉಳಿಸಿಕೊಂಡಿದ್ದರು. ನನ್ನ ಹೂಂ ಮಾತ್ರ ಎಲ್ಲೂ ಕೇಳುವುದಿಲ್ಲ. ಅದು ಅವರ ಕಿವಿಯೊಳಗೇ ಉಳಿಯಿತು.

ಅಷ್ಟು ಹೊತ್ತಿಗೆ ಅಂಕಲ್ ಸಿಡ್ನಿಯ ಒಂದು ವೃದ್ಧಾಶ್ರಮದಲ್ಲಿದ್ದರು. ನಾನು ಹೋದ ದಿನ ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಬಹಳ ಹೊತ್ತು ನೋಡಿದರು.

"ನಿಮ್ಮನ್ನ ಎಲ್ಲೋ ನೋಡಿದ್ದೀನಿ" ಅಂದರು. "ಬ್ಯಾಂಕ್‌ನವರಲ್ವಾ?"

ನಾನು, ಅಂಕಲ್, ನಾನು ನಿಮ್ಮ ಕಿಡ್, ಎಂದು ಹೇಳಲು ಬಾಯಿವರೆಗೆ ಬಂತು. ನುಂಗಿಕೊಂಡೆ. ಅವರು ಯಾರನ್ನೂ ತಿದ್ದಿದವರಲ್ಲ.

"ಹೌದು" ಅಂದೆ. "ಮನೆ ಹೇಗಿದೆ?"

"ಮನೆ ಚೆನ್ನಾಗಿದೆ. ಹಿಂದಿನ ರೂಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಒಳ್ಳೆ ಹುಡುಗ, ಆದ್ರೆ ಅವನು..." ಎಂದು ನಿಂತರು.

"ಹೂಂ" ಅಂದೆ.

ಆ ಕಿವಿ ನನ್ನ ಕಡೆಗೆ ತಿರುಗಿತು. ಮುಖದಲ್ಲಿ ಏನೋ ಬಂದು ಹೋಯಿತು. "ಅವನು ಒಂದು ದಿನ ಏನು ಮಾಡಿದ ಗೊತ್ತಾ?" ಅಂದರು.

"ಹೂಂ, ಹೇಳಿ."

ಕಿಟಕಿಯ ಹೊರಗೆ ನೋಡುತ್ತ ಹಾಗೇ ಕಣ್ಣು ಮುಚ್ಚಿದರು. ನರ್ಸ್ ಬಂದು, ನಿದ್ದೆ ಬಂದಿದೆ, ನಾಳೆ ಬನ್ನಿ ಅಂದಳು. ನನಗೆ ಮೆಲ್ಬರ್ನ್‌ಗೆ ವಿಮಾನವಿತ್ತು. ಎರಡು ವಾರಕ್ಕೆ ಅವರು ಹೋದ ಸುದ್ದಿ ಬಂತು.

ಅಪ್ಪನ ಬಿಲ್ಲೆ ಈಗಲೂ ನನ್ನ ಕೋಟಿನ ಜೇಬಿನಲ್ಲಿದೆ. ಶೂಟಿಂಗಿನ ಆ ಬೆಳಿಗ್ಗೆ ಅಂಕಲ್ ಜೇಬಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆಫೀಸಿನಿಂದ ಬರುವಾಗ ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟರೆ ಪಕ್ಕದ ಸೀಟು ನೋಡುತ್ತೇನೆ. ಆ ಹುಡುಗ ಒಂದು ದಿನ ಏನು ಮಾಡಿದ ಎಂಬುದನ್ನು ಅವರು ಹೇಳದೆ ಹೋದರು. ನಾನು ಇನ್ನೂ ಹೂಂ ಅನ್ನುತ್ತಲೇ ಇದ್ದೇನೆ.