ಯಾರೂ ಕೂರದ ಹಿಂದಿನ ಸೀಟು

ಕಾರು ಕೊಳ್ಳಲು ಹೋದವರು ಮೊದಲು ಮೈಲೇಜು ಕೇಳುತ್ತಾರೆ. ನಾನು ಕೇಳಿದ್ದು ಹಿಂದಿನ ಸೀಟು. ಎತ್ತರದ ಆಳಾದ ನನ್ನ ಗಂಡನನ್ನು ಹಿಂದೆ ಕೂರಿಸಿ, ನಾನು ಬಾಗಿಲಲ್ಲಿ ನಿಂತು, ಅವರ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಗೇಣು ಹಾಕಿ ನೋಡಿದೆ. ಪೂರ್ತಿ ಗೇಣು ಹಿಡಿಯಿತು.

"ಓಡಿಸಾಕಿ ನೀ. ಹಿಂದಿನ ಸೀಟ್ ಯಾಕ ಅಳ್ಯಾಕತ್ತಿ?" ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಆ ಸೀಟು ನಮ್ಮ ಶಾಲೆಯ ಟೀಚರುಗಳಿಗಾಗಿ. ಅವರು ನನ್ನ ಕಾರಿನಲ್ಲಿ ಕೂತು ಬರಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಆಗ ನಾನು ಬಬಲೇಶ್ವರ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ವಿಜಯಪುರದಿಂದ ಐದು ಜನ ಹೆಂಗಸರು ಹಿರಿಯ ಟೀಚರೊಬ್ಬರ ಬಿಳಿ ಕಾರಿನಲ್ಲಿ ಹೋಗಿಬರುತ್ತಿದ್ದೆವು. ಉಳಿದವರನ್ನು ಅವರವರ ಮನೆಯ ಹತ್ತಿರ ಹತ್ತಿಸಿಕೊಳ್ಳುತ್ತಿದ್ದರು. ಊರಂಚಿನ ಇಬ್ರಾಹಿಂಪುರದವಳಾದ ನಾನು ಆಟೊ ಹಿಡಿದು ಸಿದ್ಧೇಶ್ವರ ಗುಡಿಯ ಹತ್ತಿರ ಹೋಗಿ ನಿಲ್ಲಬೇಕು. ಹಿಂದಿನ ಸೀಟಿನ ನಟ್ಟನಡುವಿನ ಜಾಗ ನನ್ನದು. ಅಲ್ಲಿ ಕಾಲಿಡುವ ಕಡೆ ನೆಲ ಉಬ್ಬಿರುತ್ತದೆ, ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಸೀಟಿನೊಳಗಿನ ಸ್ಪಂಜು ಸತ್ತುಹೋಗಿ, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಕಬ್ಬಿಣವೇ ತಾಗುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗಣಿತದ ಟೀಚರಿಗೆ ಮೊದಲೇ ಟೊಂಕ ನೋವು. ದಾರಿಯುದ್ದಕ್ಕೂ ಆ ಸೀಟನ್ನು ಬೈಯುತ್ತಿದ್ದರು. ಅವರ ಟೊಂಕವನ್ನು ನೆನೆದೇ ನಾನು ಗೇಣು ಹಾಕಿದ್ದು.

ಹೊಸ ಕಾರು ಬಂದ ಮೇಲೆ, ಒಂದು ವಾರ ಹಿರಿಯ ಟೀಚರ ಗಾಡಿ, ಒಂದು ವಾರ ನನ್ನ ಗಾಡಿ ಎಂದೆ. ಯಾರೂ ಬೇಡ ಎನ್ನಲಿಲ್ಲ. ಸೋಮವಾರ ಬೆಳಿಗ್ಗೆ ಗುಡಿಯ ಹತ್ತಿರ ನಿಲ್ಲಿಸಿ ಬಾಗಿಲುಗಳನ್ನೆಲ್ಲ ತೆರೆದಿಟ್ಟೆ. ಗಣಿತದ ಟೀಚರು ಬಗ್ಗಿ ಒಳಗೆ ನೋಡಿದರು. ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ನಮ್ಮಪ್ಪ ಕೊಟ್ಟ ಪುಟ್ಟ ಬುದ್ಧನಿದ್ದ.

"ಹಿಂದ ಇಕ್ಕಟ್ಟ ಕಾಣತೈತ್ರಿ ಮೇಡಂ. ನನ್ನ ಟೊಂಕಕ್ಕ ಆಗಿಬರಂಗಿಲ್ಲ," ಎಂದರು.

ಕೂತು ನೋಡದೆಯೇ ಹೇಳಿದರು. ಬಿಳಿ ಕಾರು ಆಗಲೇ ಬಂದು ಅವರಿಗಾಗಿ ಕಾಯುತ್ತಿತ್ತು. ಉಳಿದವರೂ ಅದನ್ನೇ ಹತ್ತಿದರು.

ಆ ದನಿ ನನಗೆ ಹೊಸದಲ್ಲ. ಮಧ್ಯಾಹ್ನ ನಾನು ಡಬ್ಬಿ ತೆಗೆದು ಮುಂದೆ ಹಿಡಿದರೆ ಅವರೆಲ್ಲರ ಹೊಟ್ಟೆ ಒಟ್ಟಿಗೇ ಕೆಡುತ್ತಿತ್ತು. ಹಿರಿಯ ಟೀಚರ ಮನೆಯ ಪಡಸಾಲೆಯಲ್ಲೂ ಬುದ್ಧನಿದ್ದ, ನನ್ನವನಿಗಿಂತ ದೊಡ್ಡವನು. ಅಲ್ಲಿ ಅವನು ಶೋಭೆ, ನನ್ನ ಕಾರಿನಲ್ಲಿ ಜಾತಿ. ಅವರ ಗಾಡಿಯಲ್ಲಿ ನಾನು ಕೂತರೆ ಅದು ಅವರ ದೊಡ್ಡತನ. ನನ್ನ ಗಾಡಿಯಲ್ಲಿ ಅವರು ಕೂತರೆ ಏನಾಗುತ್ತಿತ್ತೋ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಟೊಂಕದ ಮೇಲೆ ಹಾಕಿ ಮುಗಿಸಿದರು.

ಮತ್ತೆ ಬಿಳಿ ಕಾರಿನ ನಡುವೆ ಹೋಗಿ ಕೂರಲು ನನಗೆ ಮನಸ್ಸಾಗಲಿಲ್ಲ. ಅಂದಿನಿಂದ ಬಬಲೇಶ್ವರದ ರಸ್ತೆಯಲ್ಲಿ ಎರಡು ಕಾರು ಒಂದರ ಹಿಂದೊಂದು ಹೋದವು. ಮುಂದಿನದರಲ್ಲಿ ನಾಲ್ವರು ಕುಲುಕಾಡುತ್ತ, ಹಿಂದಿನದರಲ್ಲಿ ನಾನೊಬ್ಬಳೇ. ಕನ್ನಡಿಯಲ್ಲಿ ಖಾಲಿ ಸೀಟು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಕೆಲವು ವರ್ಷಗಳ ಮೇಲೆ ನನಗೆ ತಿಕೋಟಾಕ್ಕೆ ವರ್ಗವಾಯಿತು. ಅಲ್ಲಿಗೆ ಬಸ್ಸೇ ಸಾಕು, ಕಾರು ಮಾರುತ್ತೇನೆಂದೆ. ಸುದ್ದಿ ಕೇಳಿ ಮೊದಲು ಫೋನ್ ಮಾಡಿದವರು ಹಿರಿಯ ಟೀಚರು. ಅವರ ಬಿಳಿ ಕಾರು ಕೈಕೊಟ್ಟಿತ್ತು. ಗಂಡನ ಜೊತೆ ನಮ್ಮ ಮನೆಗೆ ಬಂದರು, ಚಹಾ ಈಗಷ್ಟೇ ಆಯಿತೆಂದರು, ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು.

"ಭಾಳ ಚಂದ ಇಟ್ಟೀರಿ. ಹಿಂದಿನ ಸೀಟ್ ಅಂತೂ ಯಾರೂ ಕೂತ ಇಲ್ಲ ಅನ್ನಂಗ ಐತ್ರಿ."

ಚುಚ್ಚಿ ಆಡಿದ ಮಾತಲ್ಲ ಅದು. ಮನಸಾರೆ ಹೊಗಳಿದ್ದರು. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು. ಅವರಿಗೇ ಯಾಕೆ ಕೊಟ್ಟೆ ಎಂದು ಗಂಡ ಈಗಲೂ ಕೇಳುತ್ತಾರೆ. ಆ ಸೀಟಿನಲ್ಲಿ ಅವರೆಲ್ಲ ಕೂರುವುದನ್ನು ಒಮ್ಮೆ ನೋಡಬೇಕಿತ್ತು ನನಗೆ. ಬುದ್ಧನನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಕೀಲಿ ಕೊಟ್ಟೆ.

ಮೊನ್ನೆ ತಿಕೋಟಾದಲ್ಲಿ ಹಳೆಯ ಶಾಲೆಯವರೊಬ್ಬರ ಮಗಳ ಮದುವೆ. ಊಟ ಮುಗಿಸಿ ಬಸ್ಸಿಗೆ ನಿಂತಿದ್ದೆ. ನನ್ನದೇ ಕಾರು ಬಂದು ಮುಂದೆ ನಿಂತಿತು. ಓಡಿಸುತ್ತಿದ್ದ ಹಿರಿಯ ಟೀಚರು, ಹಿಂದೆ ಬೇಕಾದಷ್ಟು ಜಾಗವಿದೆ, ಹತ್ತಿ ಎಂದು ಕರೆದರು. ಹತ್ತಿದೆ. ಬುದ್ಧನ ಅಂಟು ಉಳಿದಿದ್ದ ಕಡೆ ಗಣಪ ಕೂತಿದ್ದ. ನನ್ನ ಪಕ್ಕದಲ್ಲಿ ಗಣಿತದ ಟೀಚರು ಕಾಲು ಚಾಚಿ ಒರಗಿದ್ದರು.

"ಬಿಳೇ ಗಾಡಿಗಿಂತ ಇದು ಎಷ್ಟೋ ಪಾಡ್ರಿ ಮೇಡಂ. ಈಗ ಟೊಂಕದ ಸುದ್ದಿನ ಇಲ್ಲ."

"ಆಗೂ ಇದ ಸೀಟ್ ಇತ್ರಿ," ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. ಮುಂದೆ ಹಿರಿಯ ಟೀಚರು ಎಸಿ ಜೋರು ಮಾಡಿದರು. ನಾನು ಮೊಣಕಾಲಿನ ಮುಂದೆ ಗೇಣು ಹಾಕಿದೆ. ಗೇಣಿಗಿಂತ ಹೆಚ್ಚೇ ಇತ್ತು. ಕಾರು ನನ್ನದಾಗಿದ್ದಷ್ಟು ದಿನ ನಾನು ಮುಂದೆ ಕೂತು ಓಡಿಸಿದವಳು. ಹಿಂದೆ ಕೂತದ್ದು ಅದೇ ಮೊದಲು, ಅದೂ ಅವರು ಕರೆದ ಮೇಲೆ. ಅಷ್ಟು ಮೆತ್ತಗಿತ್ತೆಂದು ನನಗೂ ಗೊತ್ತಿರಲಿಲ್ಲ.