ಇಲಿಗಳಿಗೆ ಬಾಣಂತನ ಮಾಡಿದ ಹೌ ಚಿಕ್ಕಮ್ಮ

ಲಾನ್‌ಝೌ ನಗರದ ನಮ್ಮ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಹೌ ಚಿಕ್ಕಮ್ಮ; ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರ ಊರು ಮಿನ್‌ಶಿಯಾನ್. ಅಲ್ಲಿ ಮನೆಮನೆಯವರೂ ಬಾಣಂತಿಯರಿಗೆ ಕೊಡುವ ಡಾಂಗ್‌ಗ್ವೇ ಎಂಬ ಔಷಧಿ ಬೇರು ಬೆಳೆಯುತ್ತಾರೆ. ಚಿಕ್ಕಮ್ಮನೂ ಐವತ್ತು ದಾಟುವವರೆಗೆ ಆ ಬೇರನ್ನು ಅಗೆದು, ಕಟ್ಟು ಕಟ್ಟಿ, ಹೊಗೆಯಲ್ಲಿ ಒಣಗಿಸಿದವರೇ. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದರು. ಇಲಿಯನ್ನು ಅವರು ಬಾಲ ಹಿಡಿದು ಎತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನನ್ನ ಸಂಶೋಧನೆಯೂ ಅದೇ ಬೇರಿನದು. ಅದರಲ್ಲಿರುವ ಫೆರುಲಿಕ್ ಆಮ್ಲ, ರಕ್ತ ಸಾಲದೆ ಬಳಲುವ ಹೃದಯಕ್ಕೆ ನೆರವಾಗುತ್ತದೆಯೇ ಎಂದು ನೋಡಬೇಕಿತ್ತು. ಇಲಿಗಳ ಹೃದಯದ ಒಂದು ರಕ್ತನಾಳವನ್ನು ದಾರದಿಂದ ಬಿಗಿದು, ಎದೆ ಹೊಲಿದು, ಗೂಡಿಗೆ ಬಿಟ್ಟೆವು. ಎಲ್ಲಕ್ಕೂ ಒಂದೇ ಆಹಾರ; ಜೊತೆಗೆ ಮೇಲಿನ ಸಾಲಿಗೆ ದಿನವೂ ಆಮ್ಲ, ಹೋಲಿಸಿ ನೋಡಲು ಕೆಳಗಿನ ಸಾಲಿಗೆ ಬರೀ ನೀರು.

ಮೂರು ತಿಂಗಳ ನಂತರ ನೋಡಿದರೆ ಎರಡೂ ಸಾಲಿನ ಹೃದಯಗಳು ಒಂದೇ ತೆರನಾಗಿದ್ದವು.

ಅಂದು ಚಿಕ್ಕಮ್ಮನ ಜೊತೆ ಊಟಕ್ಕೆ ಕೂತವನು ಬಟ್ಟಲು ಮುಟ್ಟಲಿಲ್ಲ. "ಯಾಕೋ, ನೂಡಲ್ಸ್ ಆರಿ ಹೋಯ್ತಲ್ಲೋ" ಎಂದರು ಅವರು.

"ಆಮ್ಲದಿಂದ ಏನೂ ಉಪಯೋಗ ಇಲ್ಲ ಅಂತ ಬರೀಬೇಕು ಚಿಕ್ಕಮ್ಮ."

"ನಮ್ಮ ಬೇರಿಂದ ಉಪಯೋಗ ಇಲ್ಲ ಅಂತಾನಾ? ನಿನ್ನ ಹೆತ್ತಾಗ ನಿಮ್ಮವ್ವ ಏನು ಕುಡಿದು ಎದ್ದು ಓಡಾಡಿದ್ಲು, ಕೇಳು ಹೋಗು!"

"ಅವ್ವ ಕುಡಿದಿದ್ದನ್ನ ಪ್ರಬಂಧದಲ್ಲಿ ಬರೆಯೋಕಾಗಲ್ಲ. ಅಂಕಿ ಬೇಕು."

ಅವರು ಊಟದ ಕಡ್ಡಿಗಳನ್ನು ಕೆಳಗಿಟ್ಟರು. "ಕೆಳಗಿನ ಸಾಲಿಗೆ ನಾನು ಕೊಟ್ಟಿದೀನಿ."

"ಏನನ್ನ?"

"ಡಾಂಗ್‌ಗ್ವೇ ಹಾಕಿದ ಕೋಳಿ ಸಾರು. ರೊಟ್ಟಿ ಚೂರು ಅದ್ದಿ, ದಿನಾ. ಎದೆ ಹೊಲಿಸ್ಕೊಂಡು ಬಿದ್ದಿದ್ವು ಕಣೋ. ಬಾಣಂತೀನ ಬರೀ ನೀರು ಕೊಟ್ಟು ಮಲಗಿಸ್ತಾರಾ?"

"ಚಿಕ್ಕಮ್ಮ, ಅವೆಲ್ಲ ಗಂಡಿಲಿ!"

"ಗಂಡಾದ್ರೆ ನೋವಿಲ್ವಾ?"

ನನಗೆ ನಗು ಬರಲಿಲ್ಲ. ಎರಡೂ ಸಾಲಿಗೆ ಅದೇ ಬೇರು ಸಿಕ್ಕಿತ್ತು, ಹೋಲಿಕೆಯೇ ಕೆಟ್ಟಿತ್ತು. ಇಲಿಗಳ ಆಹಾರಕ್ಕೆ ಏನಾದರೂ ಬೆರೆಸಿದವರನ್ನು ಕೆಲಸದಿಂದ ತೆಗೆಯುವುದು ನಿಯಮ. ಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ.

"ಆಹಾರ ಕಲಬೆರಕೆ ಆಗಿದೆ ಅಂತಷ್ಟೇ ಹೇಳ್ತೀನಿ. ನಿಮ್ಮ ಹೆಸರು ಬೇಡ" ಎಂದೆ.

"ಆ ಕೋಣೆಗೆ ನಾನಲ್ದೆ ಇನ್ಯಾರು ಹೋಗ್ತಾರೆ? ಇಲಿಗಳೇ ಅಡಿಗೆ ಮಾಡ್ಕೊಂಡ್ವು ಅಂತೀಯಾ?" ಎಂದವರು ಏಪ್ರನ್ ಬಿಚ್ಚಿಟ್ಟು, ನಮ್ಮ ಮಾರ್ಗದರ್ಶಕಿ ಗುವಾನ್ ಮೇಡಂ ಕೋಣೆಗೆ ತಾವೇ ನಡೆದರು. ನಾನು ಹಿಂದೆ ಹೋದೆ.

ಮೇಡಂ ಬೈಯಲಿಲ್ಲ. ಯಾವ ಗೂಡಿಗೆ ಎಷ್ಟು ಚೂರು, ಎಷ್ಟು ದಿನ ಎಂದು ಕೇಳಿದರು. ಚಿಕ್ಕಮ್ಮನಿಗೆ ಎಲ್ಲ ನೆನಪಿತ್ತು.

"ನೀವೇ ಬಂದು ಹೇಳಿದ್ರಿ, ಅದಕ್ಕೆ ಕೆಲಸ ಉಳೀತು" ಎಂದರು ಮೇಡಂ. "ಮತ್ತೆ ಮೊದಲಿಂದ ಮಾಡೋಣ. ಆದ್ರೆ ಕೆಳಗಿನ ಸಾಲಿಗೆ ನೀರು ಇಡೋರು ನೀವೇ. ಬರೀ ನೀರು. ಆಗುತ್ತಾ?"

ಚಿಕ್ಕಮ್ಮ ನೆಲ ನೋಡುತ್ತ ಆಗುತ್ತೆ ಎಂದರು.

ಅವರು ಮಾತು ತಪ್ಪಲಿಲ್ಲ. ಕೆಳಗಿನ ಸಾಲಿನ ಮುಂದೆ ಕೈಕಟ್ಟಿ ಕೂತಿರುತ್ತಿದ್ದರು. ಈ ಸಲ ಆ ಸಾಲಿನಲ್ಲಿ ಐದು ಇಲಿಗಳು ಸತ್ತವು. ಉಳಿದವುಗಳ ಹೃದಯವೂ ಸೋತಿತ್ತು. ಆಮ್ಲ ಕುಡಿದ ಸಾಲು ಸ್ಪಷ್ಟವಾಗಿ ಮೇಲಾಗಿತ್ತು.

ನಾನು ಹಾಳೆ ಹಿಡಿದು ಓಡಿಬಂದು ತೋರಿಸಿದೆ. ನಮ್ಮ ಬೇರು ಗೆದ್ದಿತು ಎಂದು ಅವರು ಕುಣಿಯಲಿಲ್ಲ.

"ಐದು ಹೋದ್ವಲ್ಲ, ಅದನ್ನೂ ಬರ್ದಿದೀಯಾ?"

"ಬರ್ದಿದೀನಿ."

"ಎಲ್ಲಿ, ತೋರ್ಸು."

ಹಾಳೆಯಲ್ಲಿ ಅದನ್ನು ಬರೆದ ಸಾಲಿನ ಮೇಲೆ ಬೆರಳಿಟ್ಟೆ. ಅವರು ಬಗ್ಗಿ ನೋಡಿ, ಖಾಲಿ ಗೂಡುಗಳನ್ನು ತೊಳೆಯಲು ಹೋದರು.