ಕೋಣನಕುಂಟೆಯ ಒಣ ಟೊಮೆಟೊ ಗೊಜ್ಜು

ಮೈಸೂರಿನಿಂದ ಬಂದವಳು ಕೋಣನಕುಂಟೆಯಲ್ಲಿ ಗೆಳತಿ ಶೈಲಜಾಳ ಮನೆಯಲ್ಲಿ ಉಳಿದಿದ್ದೇನೆ. ಜ್ವರ ಬಂದು ಹೋದಾಗಿನಿಂದ ಅವಳ ಗಂಡ ಶಿವಣ್ಣನವರಿಗೆ ಯಾವ ರುಚಿಯೂ ಗೊತ್ತಾಗುತ್ತಿಲ್ಲ. ಏನು ಬಡಿಸಿದರೂ ಮಾತಿಲ್ಲದೆ ಉಂಡು ಏಳುತ್ತಾರಂತೆ.

ಇವತ್ತು ಬೆಳಿಗ್ಗೆ ಶೈಲಜಾ ತಾರಸಿಯಲ್ಲಿ ತಾನೇ ಒಣಗಿಸಿದ ಟೊಮೆಟೊ ಹೋಳುಗಳನ್ನು ಬಿಸಿನೀರಿನಲ್ಲಿ ನೆನೆಸಿದಳು. ಮುದುಡಿ ಕಪ್ಪಗಾಗಿದ್ದ ಹೋಳುಗಳು ಮತ್ತೆ ಕೆಂಪಗೆ ಉಬ್ಬಿದ್ದು ಕಂಡು ನನಗೆ ಆಶ್ಚರ್ಯ. ಬೆಳ್ಳುಳ್ಳಿ ಒಗ್ಗರಣೆಗೆ ಬಿದ್ದಾಗಲಂತೂ ಮನೆಯೆಲ್ಲ ಘಮಘಮ.

ಶಿವಣ್ಣ ರೊಟ್ಟಿಗೆ ಆ ಗೊಜ್ಜು ಹಚ್ಚಿ ಬಾಯಿಗಿಟ್ಟರು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಅಬ್ಬಾ, ಏನ್ ಹುಳಿ ಕಣೇ ಇದು!"

ಶೈಲಜಾ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ!"

ಅವರು ನಗುತ್ತಾ ತಟ್ಟೆ ಮುಂದೆ ಚಾಚಿದರು.

"ಇನ್ನೊಂಚೂರು ಹಾಕು."